ಕೊನೆಯ ಎರಡು ಸಾಲು

ವಿಂಬಲ್ಡನ್ ಎಂದ ಕೂಡಲೇ ನಮ್ಮ ಜನಕ್ಕೆ ಟೆನಿಸ್ಸು ನೆನಪಾಗುತ್ತದೆ. ಬಿಳಿ ಬಟ್ಟೆ, ಹಸಿರು ಹುಲ್ಲು, ಹಣ್ಣು ತಿನ್ನುತ್ತ ಕೂತ ದೊಡ್ಡ ಮನುಷ್ಯರು. ನಾನು ಹೇಳಹೊರಟಿರುವುದು ಅದರ ಬಗ್ಗೆ ಅಲ್ಲ. ದಕ್ಷಿಣ ಲಂಡನ್ನಿನ ಅದೇ ಊರಿನಲ್ಲಿ, ಟೆನಿಸ್ ಅಂಗಳದಿಂದ ಬಹಳ ದೂರವೇನೂ ಅಲ್ಲದ ಪ್ಲೌ ಲೇನ್ ಎಂಬ ರಸ್ತೆಯಲ್ಲಿ ಒಂದು ಫುಟ್ಬಾಲ್ ಕ್ಲಬ್ಬು ಇತ್ತು. ಇತ್ತು ಎಂದೆ. ಈ ‘ಇತ್ತು’ ಯಾವತ್ತು ಶುರುವಾಯಿತು ಎಂಬುದೇ ನನ್ನ ಜಗಳ.

ಇಂಗ್ಲಿಷ್ ಫುಟ್ಬಾಲಿನ ದಾಖಲೆ ಪುಸ್ತಕಗಳನ್ನು ನೋಡಿದವರಿಗೆ ಗೊತ್ತು. ಪ್ರತಿ ಕ್ಲಬ್ಬಿಗೂ ಒಂದು ಪಟ್ಟಿ ಇರುತ್ತದೆ. ಎಡಗಡೆ ವರ್ಷ, ಪಕ್ಕದಲ್ಲಿ ಡಿವಿಜನ್ನು, ಗೆದ್ದದ್ದು, ಸೋತದ್ದು, ಸಮವಾದದ್ದು, ಕೊನೆಯಲ್ಲಿ ಯಾವ ಸ್ಥಾನ ಎಂಬ ಅಂಕಿ. ವಿಂಬಲ್ಡನ್ ಫುಟ್ಬಾಲ್ ಕ್ಲಬ್ಬಿನ ಲೀಗ್ ಪಟ್ಟಿಯಲ್ಲಿ ಇಪ್ಪತ್ತೇಳು ಸಾಲುಗಳಿವೆ. ಮೊದಲನೆಯದು 1977-78, ನಾಲ್ಕನೆಯ ಡಿವಿಜನ್, 13ನೆಯ ಸ್ಥಾನ. ಕೊನೆಯದು 2003-04, ಆಗ ಮೊದಲನೆಯ ಡಿವಿಜನ್ ಎಂದು ಕರೆಯುತ್ತಿದ್ದ ಎರಡನೆಯ ಮಜಲು, 24ನೆಯ ಸ್ಥಾನ, ಎಂದರೆ ಕಟ್ಟಕಡೆ, 46 ಪಂದ್ಯಗಳಲ್ಲಿ 29 ಪಾಯಿಂಟು. ಅದರ ಕೆಳಗೆ ಒಂದು ಗೆರೆ. ಮುಗಿಯಿತು.

ನನ್ನ ತಕರಾರು ಇಷ್ಟೆ. ಈ ಪಟ್ಟಿಯ ಕೊನೆಯ ಎರಡು ಸಾಲುಗಳು ವಿಂಬಲ್ಡನ್ನಿನವಲ್ಲ. ಗೆರೆ ಎಳೆಯಬೇಕಾದದ್ದು 2001-02ರ ಕೆಳಗೆ. ಉಳಿದ ಎರಡನ್ನು ಬೇರೆ ಯಾರ ಲೆಕ್ಕಕ್ಕೆ ಬೇಕಾದರೂ ಬರೆದುಕೊಳ್ಳಲಿ.

ಇದನ್ನು ನಾನು ಒಮ್ಮೆ ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡಿದ ಗೆಳೆಯರೊಬ್ಬರ ಮುಂದೆ ಹೇಳಿದೆ. ಅವರು ನಕ್ಕರು. ‘ಅಲ್ಲಾ ಮಾರಾಯ, ಎಲ್ಲಿಯ ವಿಂಬಲ್ಡನ್ನು, ಎಲ್ಲಿಯ ನೀನು? ಕ್ಲಬ್ಬು ಅಂದರೆ ಕಂಪನಿ. ಕಂಪನಿಯ ಆಫೀಸು ಒಂದೂರಿಂದ ಇನ್ನೊಂದೂರಿಗೆ ಹೋದರೆ ಅದರ ಬ್ಯಾಲೆನ್ಸ್ ಶೀಟು ಬದಲಾಗುತ್ತದೇನು?’ ಎಂದರು. ಅವರ ಮಾತು ತಮಾಷೆಯದಾದರೂ ಅದು ಅವರೊಬ್ಬರ ಮಾತಲ್ಲ. ಇಂಗ್ಲೆಂಡಿನಲ್ಲಿ ಕೋಟು ತೊಟ್ಟ ಮೂವರು ಕೂತು ಎರಡು-ಒಂದರ ಬಹುಮತದಿಂದ ತೀರ್ಪು ಕೊಟ್ಟದ್ದೂ ಹೆಚ್ಚುಕಡಿಮೆ ಇದೇ ತರ್ಕದ ಮೇಲೆ. ಆದ್ದರಿಂದ ಗೆಳೆಯರಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ನಾನು ಎಂದೂ ಫುಟ್ಬಾಲು ಆಡಿದವನಲ್ಲ. ಶಾರ್ಟ್‌ವೇವ್ ರೇಡಿಯೋದಲ್ಲಿ ಬಿಬಿಸಿಯ ಶನಿವಾರದ ಆಟದ ಕಾರ್ಯಕ್ರಮ ಕೇಳಿ ಕೇಳಿ ಹುಚ್ಚು ಹತ್ತಿಸಿಕೊಂಡವನು. ಮೈದಾನ ಕಾಣದವನಿಗೆ ಹೆಸರು ಮತ್ತು ಅಂಕಿ ಇವೆರಡೇ ಆಧಾರ. ಹಾಗಾಗಿ ಅಂಕಿಯನ್ನು ತಪ್ಪು ಹೆಸರಿನ ಕೆಳಗೆ ಬರೆದರೆ ನನಗೆ ಉಳಿದವರಿಗಿಂತ ಹೆಚ್ಚು ಉರಿಯುತ್ತದೆ.

ಮೊದಲು ಪಟ್ಟಿಯ ಆಚೆಗಿನ ಮಾತು. ಲೀಗಿನ ಪಟ್ಟಿ 1977ಕ್ಕೆ ಶುರುವಾದರೂ ಕ್ಲಬ್ಬು ಹುಟ್ಟಿದ್ದು 1889ರಲ್ಲಿ. ಸೆಂಟ್ರಲ್ ಸ್ಕೂಲಿನ ಹಳೆಯ ಹುಡುಗರು ಸೇರಿ ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್ ಎಂದು ಹೆಸರಿಟ್ಟುಕೊಂಡು ಊರ ಬಯಲಾದ ವಿಂಬಲ್ಡನ್ ಕಾಮನ್ನಿನಲ್ಲಿ ಆಡುತ್ತಿದ್ದರು. ಬಟ್ಟೆ ಬದಲಾಯಿಸುವುದಕ್ಕೆ ಪಕ್ಕದ ಫಾಕ್ಸ್ ಅಂಡ್ ಗ್ರೇಪ್ಸ್ ಎಂಬ ಪಬ್ಬು. 1905ರಲ್ಲಿ ಹೆಸರಿನಿಂದ ಶಾಲೆ ಉದುರಿ ಊರು ಮಾತ್ರ ಉಳಿಯಿತು. 1912ರಲ್ಲಿ ಪ್ಲೌ ಲೇನಿಗೆ ಬಂದರು. 1921ರಲ್ಲಿ ಇಸ್ತ್‌ಮಿಯನ್ ಲೀಗ್ ಸೇರಿದರು. ಅದು ಹವ್ಯಾಸಿಗಳ ಲೀಗು, ಆಟಕ್ಕೆ ಸಂಬಳ ಪಡೆಯುವಂತಿಲ್ಲ. ಅಲ್ಲಿ ಎಂಟು ಸಲ ಗೆದ್ದರು. 1963ರಲ್ಲಿ ವೆಂಬ್ಲಿಯಲ್ಲಿ ಸಟನ್ ಯುನೈಟೆಡ್ಡನ್ನು 4-2ರಲ್ಲಿ ಸೋಲಿಸಿ ಅಮೆಚೂರ್ ಕಪ್ಪು ತಂದರು. ಆ ನಾಲ್ಕು ಗೋಲನ್ನೂ ಎಡ್ಡಿ ರೆನಾಲ್ಡ್ಸ್ ಎಂಬ ಒಬ್ಬನೇ ಹೊಡೆದ, ನಾಲ್ಕನ್ನೂ ತಲೆಯಿಂದ. ಮುಂದಿನ ವರ್ಷ ವೃತ್ತಿಪರರಾಗಿ ಸದರ್ನ್ ಲೀಗಿಗೆ ಹೋದರು.

ಇಷ್ಟೂ ಪಟ್ಟಿಯಲ್ಲಿಲ್ಲ. ದಾಖಲೆಕಾರರ ಪ್ರಕಾರ ಲೀಗಿನೊಳಗೆ ಬರುವ ತನಕ ಕ್ಲಬ್ಬಿಗೆ ಅಂಕಿಗಳೇ ಇಲ್ಲ. ಇರಲಿ. 1974-75ರ ಚಳಿಗಾಲವನ್ನು ಮಾತ್ರ ಬಿಟ್ಟು ಮುಂದೆ ಹೋಗಲಾರೆ. ಎಫ್.ಎ. ಕಪ್ಪಿನ ಮೂರನೆಯ ಸುತ್ತಿನಲ್ಲಿ ಈ ಸದರ್ನ್ ಲೀಗಿನ ತಂಡ ಬರ್ನ್‌ಲಿಗೆ ಹೋಗಿ, ಮೊದಲ ಡಿವಿಜನ್ನಿನ ಬರ್ನ್‌ಲಿಯನ್ನು ಅದರ ಅಂಗಳದಲ್ಲೇ 1-0ರಿಂದ ಹೊಡೆಯಿತು. ಮುಂದಿನ ಸುತ್ತಿಗೆ ಲೀಡ್ಸ್, ಆಗಿನ ಇಂಗ್ಲೆಂಡಿನ ಚಾಂಪಿಯನ್ನರು. ಅಲ್ಲಿಯೂ ಗೋಲಿಲ್ಲದೆ ಸಮ. ಪೀಟರ್ ಲಾರಿಮರ್ ಹೊಡೆದರೆ ಚೆಂಡು ಕಾಣುವುದಿಲ್ಲ ಎಂದು ಹೆಸರಾಗಿದ್ದವನು. ಅವನ ಪೆನಾಲ್ಟಿಯನ್ನು ಡಿಕಿ ಗೈ ಎಂಬ ಗಡ್ಡದ ಗೋಲಿ ತಡೆದ. ಮರುಪಂದ್ಯಕ್ಕೆ ಪ್ಲೌ ಲೇನು ಸಾಲದೆಂದು ಸೆಲ್‌ಹರ್ಸ್ಟ್ ಪಾರ್ಕಿಗೆ ಹೋದರು. ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಡೇವ್ ಬ್ಯಾಸೆಟ್ ಎಂಬ ತಮ್ಮವನೇ ಒಬ್ಬನ ಕಾಲಿಗೆ ಬಡಿದ ಚೆಂಡು ಒಳಗೆ ಹೋಗಿ ಸೋತರು. ಸದರ್ನ್ ಲೀಗನ್ನು 1975, 1976, 1977 ಮೂರು ವರ್ಷವೂ ಗೆದ್ದರು.

ಈಗ ಎದುರಾಳಿಗಳ ಅತಿ ಗಟ್ಟಿಯಾದ ಮಾತಿಗೆ ಬರುತ್ತೇನೆ. ಗಟ್ಟಿ ಮಾತನ್ನು ಮೊದಲೇ ಎದುರಿಸಬೇಕು, ಕೊನೆಗೆ ಬಿಟ್ಟರೆ ಓದುವವರಿಗೆ ಅನುಮಾನ ಬರುತ್ತದೆ. 1977ರಲ್ಲಿ ಲೀಗಿಗೆ ಸೇರುವುದಕ್ಕೆ ಗೆದ್ದರೆ ಸಾಕಾಗುತ್ತಿರಲಿಲ್ಲ. ಒಳಗಿದ್ದ ಕ್ಲಬ್ಬುಗಳು ಮತ ಹಾಕಿ ಯಾರನ್ನಾದರೂ ಹೊರಹಾಕಿದರೆ ಮಾತ್ರ ಜಾಗ. ಆ ವರ್ಷ ಹೊರಬಿದ್ದದ್ದು ಕಂಬರ್ಲೆಂಡಿನ ವರ್ಕಿಂಗ್ಟನ್. ‘ಒಬ್ಬರ ಜಾಗವನ್ನು ಮತದಿಂದ ಪಡೆದವರು, ತಮ್ಮ ಜಾಗ ಹೋದಾಗ ಯಾಕೆ ಅಳಬೇಕು?’ ಎನ್ನುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ವರ್ಕಿಂಗ್ಟನ್ನಿನಿಂದ ವಿಂಬಲ್ಡನ್ ಏನು ಪಡೆಯಿತು ನೋಡಿ. ಒಂದು ಸ್ಥಾನ, ಅಷ್ಟೆ. ವರ್ಕಿಂಗ್ಟನ್ನಿನ ಹೆಸರು ವರ್ಕಿಂಗ್ಟನ್ನಿನಲ್ಲೇ ಉಳಿಯಿತು. ಬರೋ ಪಾರ್ಕ್ ಎಂಬ ಅದರ ಅಂಗಳ ಉಳಿಯಿತು. ಕೆಂಪು ಅಂಗಿ ಉಳಿಯಿತು. ಕೆಳಗಿನ ಲೀಗಿಗೆ ಹೋಗಿ ಅದೇ ಜನದ ಮುಂದೆ ಆಡಿಕೊಂಡಿತು. ಅದರ ಹಳೆಯ ಸಾಲುಗಳನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ. ಸ್ಥಾನ ಕಳೆದುಕೊಳ್ಳುವುದು ಆಟದೊಳಗಿನ ಸಂಗತಿ. ಸೋತರೆ ಯಾರಿಗೂ ಅದು ತಪ್ಪದು. ಮನೆಯಲ್ಲಿ ಕಳೆದುಹೋದ ಹಬ್ಬದೂಟಕ್ಕೂ, ಮನೆಯವರನ್ನು ಬೀದಿಗೆ ಬಿಟ್ಟು ಮನೆಯ ಹೆಸರಿನ ಫಲಕವನ್ನು ಕಿತ್ತು ಇನ್ನೊಂದೂರಿನ ಬಾಗಿಲಿಗೆ ಹೊಡೆಯುವುದಕ್ಕೂ ವ್ಯತ್ಯಾಸವಿಲ್ಲವೆ?

ಲೀಗಿಗೆ ಬಂದ ಮೇಲಿನ ಮೊದಲ ಆರು ವರ್ಷಗಳ ಸಾಲು ಏಣಿ-ಹಾವಿನಾಟದ ಹಾಗಿದೆ. 1978-79ರಲ್ಲಿ ಮೂರನೆಯ ಸ್ಥಾನ ಪಡೆದು ಮೇಲೆ. ಮರುವರ್ಷ 24ನೆಯದಾಗಿ ಕೆಳಗೆ. 1980-81ರಲ್ಲಿ ನಾಲ್ಕನೆಯದಾಗಿ ಮೇಲೆ. ಮರುವರ್ಷ 21ನೆಯದಾಗಿ ಮತ್ತೆ ಕೆಳಗೆ. ಇದರ ನಡುವೆ ಯಾವ ಪಟ್ಟಿಯಲ್ಲೂ ಕಾಣದ ಒಂದು ಸಂಗತಿ ನಡೆಯಿತು. ಆಗಿನ ಮಾಲೀಕ ರಾನ್ ನೋಡ್ಸ್ 1979ರಲ್ಲಿ ಮಿಲ್ಟನ್ ಕೀನ್ಸ್ ಸಿಟಿ ಎಂಬ ಸಣ್ಣ ಕ್ಲಬ್ಬೊಂದನ್ನು ಕೊಂಡು, ವಿಂಬಲ್ಡನ್ನನ್ನು ಅಲ್ಲಿಗೆ ಸಾಗಿಸಬಹುದೇ ಎಂದು ಲೆಕ್ಕ ಹಾಕಿದ್ದ. ಮಿಲ್ಟನ್ ಕೀನ್ಸ್ 1967ರಲ್ಲಿ ಸರ್ಕಾರ ನಕಾಶೆಯ ಮೇಲೆ ಗೆರೆ ಎಳೆದು ಕಟ್ಟಿಸಲು ಹೊರಟ ಹೊಸ ಊರು, ವಿಂಬಲ್ಡನ್ನಿನಿಂದ ಸುಮಾರು 90 ಕಿಲೋಮೀಟರು. ಲೆಕ್ಕ ಸರಿಬರಲಿಲ್ಲವೆಂದು ಕೈಬಿಟ್ಟ, ಕ್ಲಬ್ಬನ್ನು ಲೆಬನಾನಿನ ಸ್ಯಾಮ್ ಹಮಾಮ್ ಎಂಬ ಶ್ರೀಮಂತನಿಗೆ ಮಾರಿ ತಾನು ಕ್ರಿಸ್ಟಲ್ ಪ್ಯಾಲೇಸಿಗೆ ಹೋದ. ಹೀಗೆ 2001ರಲ್ಲಿ ಆದದ್ದಕ್ಕೆ ಬೀಜ ಇಪ್ಪತ್ತೆರಡು ವರ್ಷ ಹಿಂದಿನದು. ಕ್ಲಬ್ಬನ್ನು ಗಾಲಿ ಮೇಲಿನ ಅಂಗಡಿ ಎಂದು ತಿಳಿಯುವ ಮನುಷ್ಯ ಒಂದು ಕಾಲಕ್ಕೆ ಹುಟ್ಟಿ ಸಾಯುವವನಲ್ಲ.

ಆಮೇಲಿನ ಸಾಲುಗಳನ್ನು ಬರೆಯುವಾಗ ನನಗೆ ಈಗಲೂ ಕೈ ಚುರುಕಾಗುತ್ತದೆ. 1982-83: ನಾಲ್ಕನೆಯ ಡಿವಿಜನ್ನಿನಲ್ಲಿ ಒಂದನೆಯ ಸ್ಥಾನ, 98 ಪಾಯಿಂಟು. 1983-84: ಮೂರನೆಯದರಲ್ಲಿ ಎರಡನೆಯ ಸ್ಥಾನ, 97 ಗೋಲು. 1984-85: ಎರಡನೆಯದರಲ್ಲಿ 12. 1985-86: ಮೂರನೆಯ ಸ್ಥಾನ, ಮೇಲಕ್ಕೆ. 1986-87: ಮೊದಲ ಡಿವಿಜನ್ನಿನಲ್ಲಿ 6. ನಾಲ್ಕು ವರ್ಷದಲ್ಲಿ ತಳದಿಂದ ತುದಿಗೆ. ಲೀಗಿಗೆ ಸೇರಿ ಹತ್ತನೆಯ ವರ್ಷಕ್ಕೆ, ಸೆಪ್ಟೆಂಬರಿನ ಕೆಲವು ದಿನ, ಇಡೀ ಇಂಗ್ಲೆಂಡಿನ ಪಟ್ಟಿಯ ಮೇಲುತುದಿಯಲ್ಲಿ ಈ ಹೆಸರಿತ್ತು. ಇದನ್ನು ಮಾಡಿಸಿದವನು ಯಾರೆಂದರೆ 1975ರಲ್ಲಿ ತಮ್ಮದೇ ಗೋಲಿಗೆ ಚೆಂಡು ಬಿಟ್ಟ ಆ ಡೇವ್ ಬ್ಯಾಸೆಟ್. ಅವನ ತಂಡದಲ್ಲಿ ದೊಡ್ಡ ಕ್ಲಬ್ಬುಗಳು ಬೇಡವೆಂದವರು, ಸಣ್ಣ ಲೀಗಿನಿಂದ ಬಂದವರು. ವಿನ್ನಿ ಜೋನ್ಸ್ ಅದಕ್ಕೆ ಸ್ವಲ್ಪ ಮೊದಲು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದವನು.

ಇವರ ಆಟ ಕೆಟ್ಟದ್ದು ಎಂಬುದು ಎರಡನೆಯ ಆಕ್ಷೇಪಣೆ. ನಿಜ. ಗೋಲಿಯಿಂದ ನೇರ ಮುಂದಕ್ಕೆ ಉದ್ದನೆಯ ಹೊಡೆತ, ಅದರ ಹಿಂದೆ ಎಲ್ಲರೂ ಓಡುವುದು, ಮೊಣಕೈ, ಕೂಗಾಟ. ಇವರ ಪಂದ್ಯವನ್ನು ನೋಡುವುದಕ್ಕಿಂತ ಟೀವಿಯ ಅಕ್ಷರಪುಟದಲ್ಲಿ ಓದುವುದು ವಾಸಿ ಎಂದು ಗ್ಯಾರಿ ಲಿನೆಕರ್ ಹಾಸ್ಯ ಮಾಡಿದ್ದ. ವಿನ್ನಿ ಜೋನ್ಸ್ ಪಾಲ್ ಗ್ಯಾಸ್ಕಾಯಿನನ ಯಾವ ಭಾಗವನ್ನು ಹಿಡಿದು ಹಿಂಡಿದ ಎಂಬ 1988ರ ಫೋಟೋವನ್ನು ನಮ್ಮ ಕಡೆಯ ಪತ್ರಿಕೆಗಳೂ ಹಾಕಿರಬಹುದು, ಮರ್ಯಾದೆಗೆ ನಾನು ವಿವರಿಸುವುದಿಲ್ಲ. 1993ರಲ್ಲಿ ಜಾನ್ ಫಶಾನುವಿನ ಮೊಣಕೈ ತಾಗಿ ಗ್ಯಾರಿ ಮ್ಯಾಬಟ್ ಮುಖದ ಎಲುಬು ಮುರಿಯಿತು. ಅದು ನಗುವ ಸಂಗತಿಯಲ್ಲ. ಇವರು ಸಂತರು ಎಂದು ನಾನೆಲ್ಲಿ ಹೇಳಿದೆ? ಆದರೆ ಆಟ ಕೆಟ್ಟದಾಗಿತ್ತು ಎಂಬ ಕಾರಣಕ್ಕೆ ಅವರ ಊರನ್ನು ಕಿತ್ತುಕೊಂಡಾಗ ಸುಮ್ಮನಿರಬಹುದು ಎಂಬ ತೀರ್ಮಾನಕ್ಕೆ ಬರುವುದು ಹೇಗೆ? 2001-02ರಲ್ಲಿ ಇಂಗ್ಲಿಷ್ ಪತ್ರಿಕೆಗಳ ದೊಡ್ಡ ಹೆಸರಿನವರಲ್ಲಿ ಕೆಲವರ ದನಿ ಅಷ್ಟು ತಣ್ಣಗಿದ್ದದ್ದರ ಹಿಂದೆ ಈ ಹಳೆಯ ಅಸಹ್ಯ ಇತ್ತೆಂದೇ ನನ್ನ ಗುಮಾನಿ. ಚೆನ್ನಾಗಿ ಹಾಡುವವನಿಗೆ ಮಾತ್ರ ಮನೆ ಇರಬೇಕು ಎಂದ ಹಾಗಾಯಿತು.

1987-88ರ ಸಾಲಿನಲ್ಲಿ ಬರೆದಿರುವುದು ‘7’ ಎಂಬ ಅಂಕಿ. ಪಕ್ಕದಲ್ಲಿ ಕಪ್ಪಿನ ಗುರುತು. ಮೇ 14, 1988, ಶನಿವಾರ. ವೆಂಬ್ಲಿಯಲ್ಲಿ 98 ಸಾವಿರ ಜನ. ಎದುರಿಗೆ ಆ ವರ್ಷದ ಲೀಗನ್ನು ಗೆದ್ದ ಲಿವರ್‌ಪೂಲ್. ನಮ್ಮಲ್ಲಿ ರಾತ್ರಿ ಏಳೂವರೆ ದಾಟಿತ್ತು. ನನ್ನ ರೇಡಿಯೋ ಸಮುದ್ರದ ಅಲೆಯ ಹಾಗೆ ಹೋಗಿ ಬಂದು ಮಾಡುತ್ತಿತ್ತು. ಮೊದಲರ್ಧದಲ್ಲಿ ಡೆನಿಸ್ ವೈಸ್ ಎತ್ತಿಕೊಟ್ಟ ಚೆಂಡಿಗೆ ಲಾರಿ ಸಾಂಚೆಜ್ ತಲೆ ಕೊಟ್ಟ. ಎರಡನೆಯ ಅರ್ಧದಲ್ಲಿ ಜಾನ್ ಆಲ್ಡ್ರಿಜ್‌ನ ಪೆನಾಲ್ಟಿಯನ್ನು ಡೇವ್ ಬೀಸಂಟ್ ಎಡಕ್ಕೆ ಹಾರಿ ತಡೆದ. ವೆಂಬ್ಲಿಯ ಕಪ್ ಫೈನಲಿನಲ್ಲಿ ಪೆನಾಲ್ಟಿ ತಡೆದವರಲ್ಲಿ ಅವನೇ ಮೊದಲಿಗ. ತಂಡದ ನಾಯಕನೂ ಅವನೇ ಆದ್ದರಿಂದ, ಆ ಕಪ್ಪನ್ನು ನಾಯಕನಾಗಿ ಎತ್ತಿದ ಮೊದಲ ಗೋಲಿಯೂ ಅವನೇ. 1-0. ಅಮೆಚೂರ್ ಕಪ್ಪು ಗೆದ್ದು ಇಪ್ಪತ್ತೈದು ವರ್ಷಕ್ಕೆ ದೊಡ್ಡ ಕಪ್ಪು. ಆ ಕಾಲದಲ್ಲಿ ಇಂಗ್ಲಿಷ್ ಕ್ಲಬ್ಬುಗಳಿಗೆ ಯುರೋಪಿನಲ್ಲಿ ಆಡಲು ನಿಷೇಧವಿತ್ತು, ಹಾಗಾಗಿ ಅದರ ಫಲ ಇವರಿಗೆ ದಕ್ಕಲಿಲ್ಲ.

ಕೇಡು ಬಂದದ್ದು ಮೂರು ವರ್ಷದ ಮೇಲೆ. ಹಿಲ್ಸ್‌ಬರೋದಲ್ಲಿ 1989ರಲ್ಲಿ ಜನ ನುಗ್ಗಲಿನಲ್ಲಿ ಸತ್ತರು. ನ್ಯಾಯಮೂರ್ತಿ ಟೇಲರ್ ವರದಿ ಬಂತು, ಮೇಲಿನ ಡಿವಿಜನ್ನಿನ ಅಂಗಳಗಳಲ್ಲಿ ಎಲ್ಲರಿಗೂ ಕುರ್ಚಿ ಇರಬೇಕೆಂದಾಯಿತು. ಅದು ಸರಿಯಾದದ್ದೇ. ಪ್ಲೌ ಲೇನನ್ನು ಹಾಗೆ ತಿದ್ದಲಾಗದು ಎಂದು 1991ರಲ್ಲಿ ಕ್ಲಬ್ಬು ಸೆಲ್‌ಹರ್ಸ್ಟ್ ಪಾರ್ಕಿಗೆ, ಕ್ರಿಸ್ಟಲ್ ಪ್ಯಾಲೇಸಿನ ಮನೆಗೆ, ಬಾಡಿಗೆಗೆ ಹೋಯಿತು. ತಾತ್ಕಾಲಿಕ ಎಂದರು. ಹನ್ನೆರಡು ವರ್ಷ ಆಯಿತು. ಮರ್ಟನ್ ನಗರಸಭೆ ಜಾಗ ಕೊಡಲಿಲ್ಲ ಎಂದು ಮಾಲೀಕರು, ಮಾಲೀಕರಿಗೆ ಮನಸ್ಸಿಲ್ಲ ಎಂದು ನಗರಸಭೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇದ್ದಿರಬೇಕು. 1998ರಲ್ಲಿ ಪ್ಲೌ ಲೇನು ಒಂದು ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಾಟವಾಯಿತು ಎಂಬುದಂತೂ ಪೂರ್ತಿ ಸತ್ಯ.

ಬಾಡಿಗೆ ಮನೆಯ ಒಂಬತ್ತು ಸಾಲುಗಳನ್ನು ಬೇಗ ಓದಿಬಿಡಿ: 13, 12, 6, 9, 14, 8, 15, 16, 18. ಕೊನೆಯದು 1999-2000, ಕೆಳಕ್ಕಿಳಿದ ವರ್ಷ. ಇದರಲ್ಲಿ ಒಂದು ಅಂಕಿ ಯಾರೂ ಬರೆಯದ್ದು. 1993ರ ಜನವರಿ 26ರಂದು ಎವರ್ಟನ್ ಎದುರಿನ ಪಂದ್ಯಕ್ಕೆ ಬಂದವರು 3,039. ಪ್ರೀಮಿಯರ್ ಲೀಗಿನಲ್ಲಿ ಅಷ್ಟು ಕಡಿಮೆ ಜನ ಬಂದ ಇನ್ನೊಂದು ಪಂದ್ಯ ಇಲ್ಲ, ಕೊರೋನಾ ಕಾಲದ ಬಾಗಿಲು ಮುಚ್ಚಿದ ಪಂದ್ಯಗಳನ್ನು ಬಿಟ್ಟರೆ. ‘ನೋಡಿ, ಜನವೇ ಇರಲಿಲ್ಲ, ಇದೆಂಥ ಊರ ಕ್ಲಬ್ಬು?’ ಎಂದು ಇದನ್ನು ಮುಂದಕ್ಕೆ ಹಿಡಿಯುತ್ತಾರೆ. ಜನರನ್ನು ಮನೆಯಿಂದ ಹತ್ತು ಕಿಲೋಮೀಟರು ದೂರದ ಬಾಡಿಗೆ ಅಂಗಳಕ್ಕೆ, ಜನವರಿಯ ಮಂಗಳವಾರದ ರಾತ್ರಿ ಕರೆದು, ಬರಲಿಲ್ಲವೆಂದು ಅವರ ಮೇಲೇ ಗೂಬೆ ಕೂರಿಸುವುದು!

ಹಮಾಮ್ ಕ್ಲಬ್ಬನ್ನು ಡಬ್ಲಿನ್ನಿಗೆ ಒಯ್ಯಲು ನೋಡಿದ. ಅದೂ ಬೇರೆ ದೇಶಕ್ಕೆ. ಅಭಿಮಾನಿಗಳು ಬೋರ್ಡು ಹಿಡಿದು ಕೂಗಿದರು, ಅದು ನಿಂತಿತು. 1997ರಲ್ಲಿ ನಾರ್ವೆಯ ಇಬ್ಬರು ಕೋಟ್ಯಧೀಶರಿಗೆ ಹೆಚ್ಚಿನ ಪಾಲು ಮಾರಿದ. ಅವರು ತಮ್ಮ ದೇಶದ ಎಗಿಲ್ ಓಲ್ಸೆನ್ ಎಂಬ ಕೋಚನ್ನು ಕರೆತಂದರು, ಮಳೆಬೂಟು ತೊಟ್ಟು ಅಂಗಳದ ಪಕ್ಕ ನಿಲ್ಲುತ್ತಿದ್ದ ಆಸಾಮಿ. 2000ದ ಮೇ 14ರಂದು ಸೌತಾಂಪ್ಟನ್ನಿನಲ್ಲಿ ಸೋತು ಕೆಳಗಿಳಿದರು. ತಾರೀಖು ಗಮನಿಸಿ: ಕಪ್ಪು ಗೆದ್ದ ದಿನದಿಂದ ಸರಿಯಾಗಿ ಹನ್ನೆರಡು ವರ್ಷ. ಹಮಾಮ್ ಅಷ್ಟರಲ್ಲಿ ಉಳಿದದ್ದನ್ನೂ ಮಾರಿ ಹೊರಟು, ಅದೇ ವರ್ಷ ಕಾರ್ಡಿಫ್ ಕ್ಲಬ್ಬನ್ನು ಕೊಂಡಿದ್ದ.

2001ರ ಆಗಸ್ಟಿನಲ್ಲಿ ಹೊಸ ಅಧ್ಯಕ್ಷ ಚಾರ್ಲ್ಸ್ ಕೊಪ್ಪೆಲ್ ಪ್ರಕಟಿಸಿದ: ಮಿಲ್ಟನ್ ಕೀನ್ಸಿಗೆ. ಅಲ್ಲಿ ಪೀಟ್ ವಿಂಕಲ್ಮನ್ ಎಂಬ ಸಂಗೀತದ ವ್ಯಾಪಾರಿ ಒಂದು ಕೂಟ ಕಟ್ಟಿಕೊಂಡು, ದೊಡ್ಡ ಅಂಗಡಿಗಳ ಜೊತೆ ಸ್ಟೇಡಿಯಮ್ಮನ್ನೂ ಕಟ್ಟುವ ಯೋಜನೆ ಹಿಡಿದು ಒಂದು ಕ್ಲಬ್ಬಿಗಾಗಿ ಕಾದಿದ್ದ. ಲೀಗಿನ ಮಂಡಳಿ ಮೊದಲು ಬೇಡವೆಂದಿತು. ಕ್ಲಬ್ಬು ಪಂಚಾಯ್ತಿಗೆ ಹೋಯಿತು. ನಿರ್ಧಾರ ಸರಿಯಾದ ರೀತಿಯಲ್ಲಿ ಆಗಿಲ್ಲ, ಮತ್ತೆ ನೋಡಿ ಎಂದರು. ಲೀಗು ಅದನ್ನು ಎಫ್.ಎ.ಗೆ ದಾಟಿಸಿತು. ಎಫ್.ಎ. ಮೂವರ ಆಯೋಗಕ್ಕೆ ದಾಟಿಸಿತು. ಬಿಸಿ ಹಂಡೆಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. 2002ರ ಮೇ 28ರಂದು ಆಯೋಗ ಎರಡು-ಒಂದರಿಂದ ಹೋಗಬಹುದು ಎಂದಿತು. ಅಭಿಮಾನಿಗಳು ತಾವೇ ಹೊಸ ಕ್ಲಬ್ಬು ಕಟ್ಟಿಕೊಂಡು ಕೆಳಗಿನಿಂದ ಮೇಲೆ ಬರುತ್ತೇವೆಂದರೆ, ಅದು ಫುಟ್ಬಾಲಿನ ವಿಶಾಲ ಹಿತಕ್ಕೆ ಒಪ್ಪುವಂಥದ್ದಲ್ಲ ಎಂಬರ್ಥದ ಮಾತನ್ನೂ ಆ ತೀರ್ಪು ಸೇರಿಸಿತು. ಈ ಮಾತನ್ನು ನಾನು ಅನೇಕ ಸಲ ಓದಿದ್ದೇನೆ. ಕೆಳಗಿನಿಂದ ಮೇಲೆ ಬರುವುದು ಫುಟ್ಬಾಲಿನ ಹಿತವಲ್ಲವಾದರೆ ಪಟ್ಟಿಯಲ್ಲಿ ಈ ಅಂಕಿಗಳೆಲ್ಲ ಏತಕ್ಕೆ?

ಆರ್ಸೆನಲ್ಲಿನ ಉದಾಹರಣೆ ಕೊಡುವವರಿದ್ದಾರೆ. ಆರ್ಸೆನಲ್ ಹುಟ್ಟಿದ್ದು ಥೇಮ್ಸಿನ ದಕ್ಷಿಣದ ವುಲಿಚ್‌ನ ಮದ್ದುಗುಂಡಿನ ಕಾರ್ಖಾನೆಯಲ್ಲಿ. 1913ರಲ್ಲಿ ದುಡ್ಡಿಲ್ಲದೆ ನದಿ ದಾಟಿ ಹೈಬರಿಗೆ ಹೋಯಿತು. ಅದು ಸರಿಯಾದರೆ ಇದೂ ಸರಿ ಎನ್ನುತ್ತಾರೆ. ಅದು ಒಂದೇ ನಗರದೊಳಗೆ, ರೈಲು ಹತ್ತಿದರೆ ಅದೇ ಮಧ್ಯಾಹ್ನ ಮುಟ್ಟುವ ದೂರ. ವುಲಿಚ್‌ನವರು ಅತ್ತಿದ್ದರೆ ಅದಕ್ಕೂ ಕಾರಣವಿತ್ತು, ಯಾರೂ ಕೇಳಲಿಲ್ಲ ಅಷ್ಟೆ. ನೂರು ವರ್ಷ ಹಿಂದೆ ಒಬ್ಬರ ಅಳುವನ್ನು ಕೇಳಲಿಲ್ಲ ಎಂಬುದು ಇನ್ನೊಬ್ಬರ ಅಳುವನ್ನು ಕೇಳದಿರಲು ಪರವಾನಗಿಯಲ್ಲ.

ಮಿಲ್ಟನ್ ಕೀನ್ಸಿನ ಜನ ಏನು ತಪ್ಪು ಮಾಡಿದ್ದರು ಎಂದೂ ಕೇಳುತ್ತಾರೆ. ಏನೂ ಇಲ್ಲ. ಅವರಿಗೂ ಶನಿವಾರ ಬರುತ್ತದೆ, ಅವರಿಗೂ ಮಕ್ಕಳಿವೆ, ಅವರಿಗೂ ಕ್ಲಬ್ಬು ಬೇಕು. ಆದರೆ ವಿಂಬಲ್ಡನ್ನಿನ ಹುಡುಗರು ಪಬ್ಬಿನಲ್ಲಿ ಅಂಗಿ ಬದಲಾಯಿಸಿದ ದಿನದಿಂದ ಲೀಗು ಮುಟ್ಟುವುದಕ್ಕೆ 88 ವರ್ಷ ಹಿಡಿಯಿತು. ಆ 88 ವರ್ಷವನ್ನು ಚೆಕ್ ಬರೆದು ತಪ್ಪಿಸಿಕೊಳ್ಳಬಹುದು ಎಂದು ಅವರಿಗೆ ಹೇಳಿಕೊಟ್ಟವರ ಮೇಲೆ ನನ್ನ ಸಿಟ್ಟು.

ಈಗ ಆ ಎರಡು ಸಾಲು. ತೀರ್ಪು ಬಂದ ಎರಡೇ ದಿನಕ್ಕೆ ಅಭಿಮಾನಿಗಳು ಸಭೆ ಸೇರಿದರು. ಜೂನಿನಲ್ಲಿ ವಿಂಬಲ್ಡನ್ ಕಾಮನ್ನಿನಲ್ಲಿ, 1889ರ ಅದೇ ಬಯಲಿನಲ್ಲಿ, ಆಟಗಾರರ ಆಯ್ಕೆಗೆ ಕರೆ ಕೊಟ್ಟರು. ಇನ್ನೂರಕ್ಕೂ ಹೆಚ್ಚು ಜನ ಬೂಟು ಹಿಡಿದು ಬಂದರು. ಜುಲೈ 10ರಂದು ಸಟನ್ನಿನಲ್ಲಿ ಮೊದಲ ಸ್ನೇಹಪಂದ್ಯ, 0-4ರಿಂದ ಸೋಲು, ನೋಡಲು ನಾಲ್ಕೂವರೆ ಸಾವಿರ ಜನ. ಹೊಸ ಹೆಸರು ಎ.ಎಫ್.ಸಿ. ವಿಂಬಲ್ಡನ್. ಒಂಬತ್ತನೆಯ ಮಜಲಿನ ಕಂಬೈನ್ಡ್ ಕೌಂಟೀಸ್ ಲೀಗಿನಲ್ಲಿ ಆಡತೊಡಗಿದರು. ಆ ವರ್ಷ ಹಳೆಯ ಕ್ಲಬ್ಬು ಎಂಬುದು ಇನ್ನೂ ಸೆಲ್‌ಹರ್ಸ್ಟಿನಲ್ಲೇ, ಎರಡನೆಯ ಮಜಲಿನಲ್ಲಿ ಆಡುತ್ತಿತ್ತು. ಅಕ್ಟೋಬರಿನಲ್ಲಿ ರಾದರಂ ಎದುರಿನ ಪಂದ್ಯಕ್ಕೆ ಅಲ್ಲಿ ಬಂದವರು 849. ವರ್ಷದ ಸರಾಸರಿಯಲ್ಲಿ ಒಂಬತ್ತನೆಯ ಮಜಲಿನ ಹೊಸ ತಂಡಕ್ಕೆ ಎರಡನೆಯ ಮಜಲಿನ ತಂಡಕ್ಕಿಂತ ಹೆಚ್ಚು ಜನ. ಪಟ್ಟಿಯಲ್ಲಿ ಆ ವರ್ಷದ ಸಾಲು ‘10ನೆಯ ಸ್ಥಾನ’ ಎನ್ನುತ್ತದೆ. ಹತ್ತನೆಯ ಸ್ಥಾನದಲ್ಲಿ ಇದ್ದದ್ದು ಯಾರು? ಹನ್ನೊಂದು ಅಂಗಿ, ಒಂದು ನೋಂದಣಿ ಸಂಖ್ಯೆ. ಜನ ಎದ್ದು ಹೋಗಿದ್ದರು. ತೇರು ಎಳೆಯುವವರೆಲ್ಲ ಹೋದ ಮೇಲೆ ತೇರನ್ನು ಲಾರಿಗೆ ಕಟ್ಟಿ ಎಳೆದರೆ ಅದು ಜಾತ್ರೆಯೆ?

ಜೂನ್ 2003ರಲ್ಲಿ ಕಂಪನಿ ದಿವಾಳಿಯ ಬಾಗಿಲಿಗೆ ಹೋಗಿ ಆಡಳಿತಾಧಿಕಾರಿಗಳ ಕೈ ಸೇರಿತು. ದುಡ್ಡಿನ ಉಪಾಯವೆಂದು ಹೊರಟದ್ದು ದುಡ್ಡನ್ನೇ ತಿಂದಿತ್ತು. ಸೆಪ್ಟೆಂಬರ್ 27ರಂದು ಮಿಲ್ಟನ್ ಕೀನ್ಸಿನ ಹಾಕಿ ಸ್ಟೇಡಿಯಮ್ಮಿನಲ್ಲಿ ಮೊದಲ ಪಂದ್ಯ. ಎದುರಾಳಿ, ಬೇಕೆಂದೇ ಯಾರೋ ಆರಿಸಿದ ಹಾಗೆ, ಬರ್ನ್‌ಲಿ. 2-2. ಆಟಗಾರರನ್ನು ಮಾರಿ ಮಾರಿ 33 ಪಂದ್ಯ ಸೋತು ಕಟ್ಟಕಡೆಗೆ ಇಳಿದರು. 2004ರ ಬೇಸಗೆಯಲ್ಲಿ ಹೆಸರು ಮಿಲ್ಟನ್ ಕೀನ್ಸ್ ಡಾನ್ಸ್ ಎಂದಾಯಿತು. ಆ 29 ಪಾಯಿಂಟಿನ ಸಾಲನ್ನು ನೋಡಿದ ಇನ್ನೈವತ್ತು ವರ್ಷದ ಆಚೆಯ ಓದುಗ ಏನೆಂದುಕೊಳ್ಳುತ್ತಾನೆ? ‘ಪಾಪ, ಆಟದಲ್ಲಿ ಸೋತು ಸೋತು ಮುಳುಗಿಹೋದ ಕ್ಲಬ್ಬು’ ಎಂದುಕೊಳ್ಳುತ್ತಾನೆ. ಕೊಂದದ್ದನ್ನು ಕಾಯಿಲೆಯೆಂದು ಬರೆದ ಮರಣಪತ್ರ ಅದು. ಅದಕ್ಕೇ ಆ ಸಾಲಿನ ಮೇಲೆ ನನಗಿಷ್ಟು ಕೋಪ.

ಪಂದ್ಯಗಳು ನಡೆದದ್ದು ಸುಳ್ಳೇ, ಎದುರು ತಂಡಗಳಿಗೆ ಪಾಯಿಂಟು ಸಿಕ್ಕದ್ದು ಸುಳ್ಳೇ ಎಂದು ನನ್ನ ಗೆಳೆಯರು ಕೇಳಿದರು. ಬ್ಯಾಂಕಿನವರು, ಜಮಾ-ಖರ್ಚು ಬಿಡರು. ಸುಳ್ಳಲ್ಲ. ಆ ಸಾಲುಗಳು ಪುಸ್ತಕದಲ್ಲಿರಲಿ. ಬೇರೆ ಶೀರ್ಷಿಕೆಯ ಕೆಳಗೆ ಇರಲಿ. ಹೀಗೆ ಕೇಳುವವನು ನಾನೊಬ್ಬನೇ ಹುಚ್ಚನೂ ಅಲ್ಲ. 2006ರಲ್ಲಿ ಅಭಿಮಾನಿಗಳ ಒಕ್ಕೂಟದ ಜೊತೆ ಆದ ಒಪ್ಪಂದದಂತೆ, 2007ರಲ್ಲಿ ಮಿಲ್ಟನ್ ಕೀನ್ಸಿನ ಕ್ಲಬ್ಬು ವಿಂಬಲ್ಡನ್ನಿನ ಕಪ್ಪುಗಳ ಮಾದರಿ, ಫಲಕ, ನೆನಪಿನ ವಸ್ತುಗಳನ್ನೆಲ್ಲ ಮರ್ಟನ್ ನಗರಸಭೆಗೆ ಹಿಂದಿರುಗಿಸಿತು. ತನ್ನ ಚರಿತ್ರೆ 2004ರಿಂದ ಎಂದು ಒಪ್ಪಿಕೊಂಡಿತು. ಒಯ್ದವರೇ ‘ಇದು ನಮ್ಮದಲ್ಲ’ ಎಂದು ತಂದಿಟ್ಟರು. ಆ ಎರಡು ವರ್ಷದ ಸಾಲು ಮಾತ್ರ ಅತ್ತ ಇತ್ತ ಯಾರಿಗೂ ಬೇಡವಾಗಿ ಸತ್ತ ಕ್ಲಬ್ಬಿನ ತಲೆಗೆ ಅಂಟಿಕೊಂಡಿದೆ.

2011ರಲ್ಲಿ ಮಗಳ ಮನೆಗೆಂದು ಕ್ರಾಯ್ಡನ್ನಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಪ್ಲೌ ಲೇನನ್ನು ನೋಡಿ ಬಂದೆ. ಹಳೆಯ ಅಂಗಳವನ್ನು 2002ರಲ್ಲೇ ಕೆಡವಿದ್ದರು. ಈಗ ಅಲ್ಲಿ ಫ್ಲ್ಯಾಟುಗಳು. ರೆನಾಲ್ಡ್ಸ್ ಗೇಟ್ ಎಂದು ಹೆಸರು, ಆ ನಾಲ್ಕು ತಲೆಹೊಡೆತದ ರೆನಾಲ್ಡ್ಸ್‌ನದ್ದೇ. ಬ್ಲಾಕುಗಳಿಗೂ ಹಳೆಯ ಆಟಗಾರರ, ಕೋಚುಗಳ ಹೆಸರು. ಬ್ಯಾಸೆಟ್ ಬ್ಲಾಕಿನ ಬಾಲ್ಕನಿಯಲ್ಲಿ ಯಾರದೋ ಮಗುವಿನ ಬಟ್ಟೆ ಒಣಗುತ್ತಿತ್ತು. ನನಗೆ ಅದು ಬೇಸರವನ್ನೇನೂ ತರಲಿಲ್ಲ. ಜನ ಇರುವ ಜಾಗ, ಸಾಕು ಎನಿಸಿತು.

ಆ ವರ್ಷವೇ ಎ.ಎಫ್.ಸಿ. ವಿಂಬಲ್ಡನ್ ಲೀಗಿಗೆ ಮರಳಿತ್ತು. ಒಂಬತ್ತನೆಯ ಮಜಲಿನಿಂದ ಐದು ಸಲ ಏರಿ, ಒಂಬತ್ತು ವರ್ಷದಲ್ಲಿ. ನಡುವೆ 78 ಲೀಗ್ ಪಂದ್ಯ ಒಂದನ್ನೂ ಸೋಲದೆ ಆಡಿದ್ದರು. ಕ್ಲಬ್ಬು ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿತ್ತು. 2016ರಲ್ಲಿ ಇನ್ನೊಂದು ಮೆಟ್ಟಿಲು. 2020ರ ನವೆಂಬರ್ 3ರಂದು ಹಳೆಯ ಅಂಗಳದಿಂದ ಕೂಗಳತೆಯ ದೂರದಲ್ಲಿ, ಅದೇ ಪ್ಲೌ ಲೇನಿನಲ್ಲಿ, ಹೊಸ ಅಂಗಳದಲ್ಲಿ ಡಾಂಕಾಸ್ಟರ್ ಎದುರು ಮೊದಲ ಪಂದ್ಯ. ಅದಕ್ಕೆ ಬೇಕಾದ ದುಡ್ಡಿನಲ್ಲಿ ಒಂದು ಪಾಲನ್ನು ಅಭಿಮಾನಿಗಳು ಬಾಂಡುಗಳ ಮೂಲಕ ಕೂಡಿಸಿದ್ದರು. ಕೊರೋನಾ ಕಾರಣಕ್ಕೆ ಪ್ರೇಕ್ಷಕರು ಒಬ್ಬರೂ ಇಲ್ಲ.

ಗೆಳೆಯರು ಇದನ್ನೇ ಹಿಡಿದರು. ‘849 ಜನ ಬಂದರೆ ಕ್ಲಬ್ಬೇ ಅಲ್ಲ ಅಂದೆಯಲ್ಲ, ಸೊನ್ನೆ ಜನ ಬಂದರೆ?’ ಎಂದರು. 2002ರಲ್ಲಿ ಜನ ತಾವಾಗಿ ಬಾಗಿಲು ಹಾಕಿಕೊಂಡು ಹೊರಟಿದ್ದರು. 2020ರಲ್ಲಿ ಸರ್ಕಾರ ಬಾಗಿಲು ಹಾಕಿತ್ತು, ಕೀಲಿಕೈ ಜನರ ಜೇಬಿನಲ್ಲೇ ಇತ್ತು. ಅವರಿಗೆ ಇದು ಒಪ್ಪಿಗೆಯಾಯಿತೋ ಇಲ್ಲವೋ, ಕಾಫಿ ತರಿಸಿದರು.

ನನ್ನ ನೋಟುಪುಸ್ತಕದಲ್ಲಿ ನಾನು ಪಟ್ಟಿಯನ್ನು ನನ್ನ ಇಷ್ಟದಂತೆ ಬರೆದುಕೊಂಡಿದ್ದೇನೆ. 2001-02, ಮೊದಲನೆಯ ಡಿವಿಜನ್, 9. ಅದರ ಕೆಳಗೆ ಗೆರೆ. ಅದರ ಕೆಳಗೆ 2002-03, ಕಂಬೈನ್ಡ್ ಕೌಂಟೀಸ್ ಲೀಗ್, 3. ಹಾಗೆಯೇ ಕೆಳಗಿಳಿಯುತ್ತ 2024-25, ಲೀಗ್ ಟೂ, 5, ವೆಂಬ್ಲಿಯಲ್ಲಿ ವಾಲ್ಸಾಲನ್ನು 1-0ರಿಂದ ಗೆದ್ದು ಮೇಲಕ್ಕೆ. ಅದೇ ವರ್ಷ ಅದೇ ಡಿವಿಜನ್ನಿನಲ್ಲಿ ಮಿಲ್ಟನ್ ಕೀನ್ಸ್ 19. ಅದನ್ನು ಬೇರೆ ಪುಟದಲ್ಲಿ ಬರೆದಿದ್ದೇನೆ. ಆ ಪುಟದ ಮೊದಲೆರಡು ಸಾಲು 2002-03 ಮತ್ತು 2003-04.